ಕೀರ್ದಿ ಪುಸ್ತಕದ ಭಾಷೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಬೆಂಗಳೂರಿಗೆ ಬಂದು ಜಾವಾ ಬರೆದು ಬದುಕುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಬಹಿರಂಗ ಪತ್ರ.



ದೀಪಾವಳಿಗೆ ಊರಿಗೆ ಹೊರಟ ರಾತ್ರಿ ಬಸ್ಸಿನಲ್ಲಿ ನನ್ನ ಆಚೆ ಬದಿಯ ಸೀಟಿನಲ್ಲಿ ಶಿಗ್ಗಾವಿ ತಾಲೂಕಿನ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಪರದೆಯ ತುಂಬ ಆವರಣ ಚಿಹ್ನೆಗಳು. ನೋಡಿದ ಕೂಡಲೇ ಗುರುತು ಹತ್ತಿತು, ಅದು ಕ್ಲೋಜರ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ. ತುಮಕೂರು ದಾಟುವಷ್ಟರಲ್ಲಿ ಮಾತಿಗೆ ಮಾತು ಬೆಳೆಯಿತು. “ಅಣ್ಣಾರ, ನಮ್ಮ ಕಂಪನಿಯೊಳಗ ಹತ್ತು ವರ್ಷದ ಜಾವಾ ಕೋಡ್ ಐತ್ರಿ. ಇದನ್ನ ಕಲಿತರ ಬಳಸೂದು ಎಲ್ಲಿ? ನೌಕರಿ ಬಿಟ್ಟು ಬ್ಯಾರೆ ಕಂಪನಿ ಹುಡುಕಬೇಕೇನ್ರಿ?” ಅಂತ ಕೇಳಿದಳು. “ಬ್ಯಾಡವ್ವಾ, ಅದ ಜಾವಾದ ಮ್ಯಾಲ ಇದನ್ನ ಹಬ್ಬಸಾಕ ಬರತೈತಿ” ಅಂದೆ. ಆದರೆ ಹೇಗೆ, ಯಾಕೆ ಅನ್ನುವುದನ್ನು ಬಸ್ಸಿನ ಗದ್ದಲದಲ್ಲಿ ಪೂರ್ತಿ ಹೇಳಲಾಗಲಿಲ್ಲ. ಹಾವೇರಿ ಬಂತು, ನಾನು ಇಳಿದೆ, ಅವಳು ಮುಂದೆ ಹೋದಳು. ಇದೇ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಇದೆ ಎಂದು ಗೊತ್ತಿರುವುದರಿಂದ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೋದರಮಾವ ಹಿರೇಕೆರೂರಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಸೂಟಿಗೆ ಹೋದಾಗ ಅವರ ಪಕ್ಕದಲ್ಲಿ ಕೂತು ಅವರು ಕೀರ್ದಿ ಬರೆಯುವುದನ್ನು ನೋಡುತ್ತಿದ್ದೆ. ಒಮ್ಮೆ ಅವರು ಒಬ್ಬ ರೈತರ ಹೆಸರಿಗೆ ಬರೆಯಬೇಕಾದ ಮೊತ್ತವನ್ನು ಇನ್ನೊಬ್ಬರ ಹೆಸರಿಗೆ ಬರೆದುಬಿಟ್ಟರು. ನಾನು ರಬ್ಬರು ಹುಡುಕಲು ಎದ್ದೆ. ಮಾಮಾ ಕೈ ಹಿಡಿದು ಕೂರಿಸಿ, “ಪಾಟಿ ಮ್ಯಾಲಿಂದು ಅಳಸಬಹುದಪಾ, ಕೀರ್ದಿಯೊಳಗಿಂದು ಅಳಸೂದಿಲ್ಲ. ತಪ್ಪಾತು ಅಂತ ಇನ್ನೊಂದು ಸಾಲು ಬರೀಬೇಕು” ಅಂದರು. ಆವತ್ತಿನ ತಪ್ಪು ಸಾಲು ಹಾಗೇ ಉಳಿಯಿತು, ಅದರ ಕೆಳಗೆ ಅದನ್ನು ಸರಿಮಾಡುವ ಸಾಲು ಬಂತು. ವರ್ಷ ಕಳೆದ ಮೇಲೆ ಯಾರು ಬಂದು ಕೇಳಿದರೂ ಯಾವ ದಿನ ಏನಾಯಿತು ಎಂದು ಪುಟ ತಿರುವಿ ತೋರಿಸಬಹುದಿತ್ತು.

ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಮಾಮಾನ ಈ ಮಾತನ್ನೇ. ನಾವು ಕಾಲೇಜಿನಲ್ಲಿ ಕಲಿತ ಜಾವಾದ ಆಬ್ಜೆಕ್ಟ್ ಒಂದು ಪಾಟಿ. ಅದರ ಮೇಲೆ ಹೆಸರು, ತೂಕ, ದರ, ಒಟ್ಟು ಬರೆದಿರುತ್ತದೆ. ಯಾವ ಮೆಥಡ್ ಬೇಕಾದರೂ ಬಂದು ಒಂದನ್ನು ಒರೆಸಿ ಇನ್ನೊಂದನ್ನು ಬರೆದು ಹೋಗಬಹುದು. ನೀವು ನೋಡುವ ಹೊತ್ತಿಗೆ ಕೊನೆಗೆ ಬರೆದದ್ದು ಮಾತ್ರ ಕಾಣುತ್ತದೆ. ಫಂಕ್ಷನಲ್ ಭಾಷೆಯಲ್ಲಿ ಒಮ್ಮೆ ಬರೆದ ಮೌಲ್ಯ ಬದಲಾಗುವುದಿಲ್ಲ. ಅದನ್ನು ಓದಿ ಹೊಸ ಮೌಲ್ಯ ಮಾಡಿಕೊಳ್ಳಬೇಕು. ಅದೇ ಅಂಕಿಗಳನ್ನು ಕೊಟ್ಟರೆ ಫಂಕ್ಷನ್ ಇವತ್ತೂ ನಾಳೆಯೂ ಅದೇ ಉತ್ತರ ಕೊಡುತ್ತದೆ. ಹಿರೇಕೆರೂರು ತಾಲೂಕಿನ ಅಬಲೂರಿನ ಜೊತೆ ಹೆಸರು ಬೆಸೆದುಕೊಂಡಿರುವ ಸರ್ವಜ್ಞನ ತ್ರಿಪದಿಗಳನ್ನು ನೆನೆಯಿರಿ. ಹಿಂದಿನ ತ್ರಿಪದಿ ಯಾವುದೆಂದು ಗೊತ್ತಿಲ್ಲದೆಯೂ ಎದುರಿಗಿರುವುದು ಪೂರ್ತಿ ಅರ್ಥವಾಗುತ್ತದೆ. ಒಳ್ಳೆಯ ಫಂಕ್ಷನ್ನೂ ಹಾಗೆ ತನ್ನ ಮೂರು ಸಾಲಿನಲ್ಲಿ ತಾನೇ ಪೂರ್ಣವಾಗಿರುತ್ತದೆ.

ಇದು ಬರೀ ಸೊಗಸಿನ ಮಾತಲ್ಲ ಎಂದು ನನಗೆ ತಿಳಿಸಿದ್ದು ಒಂದು ಬಗ್. ನಾನು ಕೆಲಸ ಮಾಡುತ್ತಿದ್ದ ಒಂದು ಸಣ್ಣ ಕಂಪನಿ ಮಾರುಕಟ್ಟೆಯ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುತ್ತಿತ್ತು, ಎಲ್ಲಾ ಜಾವಾದಲ್ಲಿ. ರೈತರು ಮಾಲು ಮಾರಿದ ಮೇಲೆ ಅವರ ಕೈಗೆ ಕೊಡುವ ಪಟ್ಟಿಯನ್ನೂ ಅದೇ ಮುದ್ರಿಸುತ್ತಿತ್ತು. ಒಂದು ದಿನ ಅಂಗಡಿಯೊಂದರಿಂದ ಫೋನ್ ಬಂತು: ಒಂದೇ ಪಟ್ಟಿ ಎರಡು ಸಲ ಮುದ್ರಿಸಿದರೆ ಎರಡು ಬೇರೆ ಮೊತ್ತ ಬರುತ್ತಿದೆ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಗೋವಿನಜೋಳ 40 ಚೀಲ, ತೂಕ 24 ಕ್ವಿಂಟಲ್, ದರ ಕ್ವಿಂಟಲ್‌ಗೆ 1,800 ರೂಪಾಯಿ. ಒಟ್ಟು 43,200. ಚೀಲಕ್ಕೆ 10 ರೂಪಾಯಿಯಂತೆ ಹಮಾಲಿ 400 ಕಳೆದರೆ ರೈತರ ಕೈಗೆ 42,800. ಮೊದಲ ಪ್ರತಿಯಲ್ಲಿ ಅಷ್ಟೇ ಇತ್ತು. ರೈತರು ಇನ್ನೊಂದು ಪ್ರತಿ ಕೇಳಿದಾಗ 42,400 ಎಂದು ಬಂತು.

ಹುಡುಕಿದಾಗ ಸಿಕ್ಕಿದ್ದು ಇಷ್ಟು. ಪಟ್ಟಿ ಎಂಬ ಆಬ್ಜೆಕ್ಟಿನಲ್ಲಿ ‘ಒಟ್ಟು’ ಎಂಬ ಒಂದು ಜಾಗ. ಮುದ್ರಿಸುವ ಮೆಥಡ್ ಹಮಾಲಿ ಕಳೆಯುವ ಮೆಥಡ್ಡನ್ನು ಕರೆಯುತ್ತಿತ್ತು. ಅದು 400 ಕಳೆದು, ಉಳಿದದ್ದನ್ನು ಮತ್ತೆ ಅದೇ ‘ಒಟ್ಟು’ ಜಾಗದಲ್ಲೇ ಬರೆದಿಡುತ್ತಿತ್ತು. ಎರಡನೆಯ ಸಲ ಮುದ್ರಿಸಿದಾಗ ಆಗಲೇ ಕಳೆದದ್ದರಿಂದ ಮತ್ತೆ 400 ಹೋಯಿತು. ಮೂರನೆಯ ಸಲಕ್ಕೆ ಇನ್ನೂ 400. ಬರೆದವರು ದಡ್ಡರಲ್ಲ, ನನಗಿಂತ ಚೆನ್ನಾಗಿ ಜಾವಾ ಬಲ್ಲವರು. ಅವರ ಕೈಯಲ್ಲಿ ಪಾಟಿ ಇತ್ತು, ಒರೆಸಿ ಬರೆದರು. ಆದರೆ ಆ 400 ರೂಪಾಯಿ ಯಾರದು ಎಂದು ನಮ್ಮ ನಾಲ್ಕು ತಾಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚೀಲ ಹೊತ್ತು ಹೊಲದಿಂದ ಬಂದವರದು.

ಆ ದಿನ ಎಲ್ಲವನ್ನೂ ಕಿತ್ತು ಹೊಸ ಭಾಷೆಯಲ್ಲಿ ಬರೆಯೋಣ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಯಾರೂ ಒಪ್ಪುತ್ತಿರಲಿಲ್ಲ, ಒಪ್ಪಬಾರದು ಕೂಡ. ವರ್ಷಗಟ್ಟಲೆ ಜನ ಕೂತು ಸರಿಪಡಿಸಿದ ಕೋಡಿನಲ್ಲಿ ಎಷ್ಟೋ ಅಂಗಡಿಗಳ ಅನುಭವ ಇರುತ್ತದೆ. ಮುದ್ರಣ ಯಂತ್ರ ಕೆಟ್ಟಾಗ ಏನು ಮಾಡಬೇಕು, ಕರೆಂಟು ಹೋಗಿ ಬಂದಾಗ ಅರ್ಧ ಬರೆದ ಪಟ್ಟಿಯನ್ನು ಏನು ಮಾಡಬೇಕು, ಇವೆಲ್ಲ ಅದರಲ್ಲಿವೆ. ನಾನು ಕೇಳಿದ್ದು ಕೆಲವೇ ಎಂಬಿ ತೂಕದ ಒಂದು ಜಾರ್ ಕಡತವನ್ನು ಸೇರಿಸಲು ಅನುಮತಿ, ಅಷ್ಟೇ. ಆಗ ಕ್ಲೋಜರ್ ಭಾಷೆ ಇಡಿಯಾಗಿ ಅದರೊಳಗೇ ಬರುತ್ತಿತ್ತು. ಜಾವಾದ ಲೈಬ್ರರಿಗಳ ಪಕ್ಕದಲ್ಲಿ ಅದೂ ಒಂದು ಲೈಬ್ರರಿಯಾಗಿ ಕೂರುತ್ತದೆ. ಪಟ್ಟಿಯ ಲೆಕ್ಕ ಮಾತ್ರ ಅದಕ್ಕೆ ಬಂತು, ಉಳಿದದ್ದೆಲ್ಲ ಜಾವಾದಲ್ಲೇ ಉಳಿಯಿತು. ಲೆಕ್ಕದ ತಿರುಳನ್ನು ಕನ್ನಡದ ಹೆಸರುಗಳಲ್ಲಿ ಬರೆದರೆ ಹೀಗಿರುತ್ತದೆ:

(ಕಳೆ (ಗುಣಿಸು ತೂಕ ದರ) (ಗುಣಿಸು ಚೀಲ ಹಮಾಲಿ))

ಕ್ಲೋಜರ್ ಕನ್ನಡ ಅಕ್ಷರದ ಹೆಸರುಗಳನ್ನು ಒಪ್ಪುತ್ತದೆ, ಜಾವಾ ಕೂಡ ಒಪ್ಪುತ್ತದೆ. ಕ್ರಿಯೆ ಮೊದಲು, ಅದಕ್ಕೆ ಬೇಕಾದ್ದು ಆಮೇಲೆ. ಆವರಣದೊಳಗಿನ ಲೆಕ್ಕ ಮುಗಿದು ಹೊರಗಿನದಕ್ಕೆ ಸಿಗುತ್ತದೆ. ಈ ಸಾಲಿನಲ್ಲಿ ಎಲ್ಲಿಯೂ ‘ಬರೆದಿಡು’ ಎಂಬ ಮಾತಿಲ್ಲ. ನೂರು ಸಲ ಕರೆದರೂ 42,800.

ಇಲ್ಲಿ ಸವಣೂರಿನವರು ಸ್ವಲ್ಪ ಗಮನವಿಟ್ಟು ಕೇಳಬೇಕು. ನಮ್ಮ ಎಲೆತೋಟದಲ್ಲಿ ಎಲೆಬಳ್ಳಿಯನ್ನು ಹಬ್ಬಿಸುವುದು ನಿಂತಿರುವ ಮರಕ್ಕೆ. ನುಗ್ಗೆ, ಚೊಗಚಿಯಂಥ ಗಿಡ ಮೊದಲು ಬೆಳೆದು ನಿಂತಿರಬೇಕು. ಬಳ್ಳಿ ಗೆಣ್ಣು ಗೆಣ್ಣಿಗೂ ಸಣ್ಣ ಬೇರು ಬಿಟ್ಟು ಅದನ್ನು ಹಿಡಿದು ಮೇಲೇರುತ್ತದೆ. ಅದು ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ, ಅದರ ಊಟ ಅದರ ಬುಡದ ಮಣ್ಣಿನಿಂದ. ಆದರೆ ಮರದ ನೆರಳೂ ಆಸರೆಯೂ ಇಲ್ಲದೆ ಎಲೆ ಬರುವುದಿಲ್ಲ. ಜಾವಾ ವರ್ಚುವಲ್ ಮಶೀನ್, ಅಂದರೆ ಜೆವಿಎಂ, ಅಂಥ ಮರ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾವನ್ನು ಹೊರತಂದಿತು. ಬೇಡದ ಮೆಮೊರಿಯನ್ನು ತಾನೇ ಗುಡಿಸುವುದು, ಓಡುತ್ತಾ ಓಡುತ್ತಾ ಕೋಡನ್ನು ಚುರುಕುಗೊಳಿಸುವುದು, ಎಲ್ಲಾ ಬಗೆಯ ಕಂಪ್ಯೂಟರಿನಲ್ಲಿ ನಿಲ್ಲುವುದು, ಇವಕ್ಕೆಲ್ಲ ಸಾವಿರಾರು ಜನರ ದುಡಿಮೆ ಹಿಡಿದಿದೆ. ಹೊಸ ಭಾಷೆ ಮಾಡುವವರು ಅಷ್ಟನ್ನೂ ತಾವೇ ಮಾಡಲು ಕೂತರೆ ಆಯುಷ್ಯ ಸಾಲದು.

ಕ್ಲೋಜರಿನ ಕರ್ತೃ ರಿಚ್ ಹಿಕಿಗೆ ಇದು ಗೊತ್ತಿತ್ತು. ವರ್ಷಗಟ್ಟಲೆ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ದುಡಿದು ಬೇಸತ್ತ ಆತ ಮೊದಲು ಲಿಸ್ಪ್ ಭಾಷೆಗೂ ಜಾವಾಕ್ಕೂ ಸೇತುವೆ ಕಟ್ಟಲು ಹಲವು ಸಲ ಪ್ರಯತ್ನಿಸಿದ. ಸೇತುವೆ ಸಾಲದು, ಜೆವಿಎಂ ಮೇಲೇ ಹುಟ್ಟಿದ ಲಿಸ್ಪ್ ಬೇಕು ಎಂದು ಅನ್ನಿಸಿ, ತನ್ನ ಉಳಿತಾಯದ ಹಣದಲ್ಲಿ ಬದುಕುತ್ತ ಕ್ಲೋಜರ್ ಕಟ್ಟಿದ. 2007ರಲ್ಲಿ ಅದನ್ನು ಜನರ ಮುಂದಿಟ್ಟ, 2009ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಲಿಸ್ಪ್ ಆದರೋ 1958ರಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಭಾಷೆ. ಹಾಗಾಗಿ ನಮ್ಮ ಹೋಲಿಕೆಯಲ್ಲಿ ಬಳ್ಳಿಯ ತಳಿ ಮರಕ್ಕಿಂತ ಎಷ್ಟೋ ಹಳೆಯದು, ಹೊಸದು ಅದು ಹಬ್ಬಿದ ಜಾಗ ಮಾತ್ರ.

ಆ ಹಿಡಿತ ಎಷ್ಟು ಬಿಗಿಯಾಗಿದೆ ಎಂದು ಜಾವಾ ಬಲ್ಲ ನಿಮಗೆ ಹೇಳಬೇಕು. ಕ್ಲೋಜರಿನ ಸ್ಟ್ರಿಂಗ್ ಜಾವಾದ ಸ್ಟ್ರಿಂಗೇ, ಬೇರೆಯಲ್ಲ. ಕ್ಲೋಜರಿನ ವೆಕ್ಟರ್ ಜಾವಾದ ಕಣ್ಣಿಗೆ ಒಂದು ಲಿಸ್ಟ್, ಅದರ ಮ್ಯಾಪ್ ಜಾವಾಕ್ಕೂ ಮ್ಯಾಪ್. ಪ್ರತಿಯೊಂದು ಫಂಕ್ಷನ್ನೂ ಒಳಗೆ ಒಂದು ಆಬ್ಜೆಕ್ಟೇ. ಅದು ತಾನಾಗಿಯೇ ರನ್ನಬಲ್, ಕಾಲಬಲ್ ಎರಡೂ ಆಗಿರುತ್ತದೆ. ಆದ್ದರಿಂದ ಜಾವಾದ ಥ್ರೆಡ್ಡಿಗೆ ಅದನ್ನು ನೇರವಾಗಿ ಕೊಡಬಹುದು. ನಿಮ್ಮ ಹಳೆಯ ಕೋಡಿಗೆ ತನ್ನ ಕೈಗೆ ಬಂದದ್ದು ಯಾವ ಭಾಷೆಯಲ್ಲಿ ಹುಟ್ಟಿದ್ದು ಎಂಬುದೇ ತಿಳಿಯುವುದಿಲ್ಲ. ಒಂದೇ ವ್ಯತ್ಯಾಸ: ಆ ಲಿಸ್ಟಿಗೆ ಏನನ್ನಾದರೂ ತುರುಕಲು ಹೋದರೆ ಅದು ಒಪ್ಪದೆ ಎಕ್ಸೆಪ್ಷನ್ ಎಸೆಯುತ್ತದೆ. ಕೀರ್ದಿ ಕೈಗೆ ಸಿಕ್ಕಿತೆಂದು ರಬ್ಬರು ಹಚ್ಚಲಾಗುವುದಿಲ್ಲ.

ಏನೂ ಅಳಿಸದಿದ್ದರೆ, ಪ್ರತಿ ಬದಲಾವಣೆಗೂ ಇಡೀ ಪುಸ್ತಕ ನಕಲು ಮಾಡಬೇಕಲ್ಲ, ಮೆಮೊರಿ ಸಾಕಾಗುತ್ತದೆಯೇ ಎಂದು ಬಸ್ಸಿನಲ್ಲಿ ಆ ಹುಡುಗಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಕ್ಲೋಜರಿನ ವೆಕ್ಟರ್ ಒಳಗಡೆ ಒಂದು ಮರದಂತಿದೆ, ಒಂದೊಂದು ಕವಲಿಗೆ 32 ಟಿಸಿಲು. ನಾಲ್ಕು ಹಂತ ಇಳಿದರೆ 10 ಲಕ್ಷಕ್ಕೂ ಹೆಚ್ಚು ಮೌಲ್ಯಗಳಿಗೆ ಜಾಗ ಸಿಗುತ್ತದೆ. ಒಂದನ್ನು ಬದಲಿಸಿದ ಹೊಸ ವೆಕ್ಟರ್ ಬೇಕೆಂದರೆ ಬುಡದಿಂದ ಆ ಎಲೆಯವರೆಗಿನ ನಾಲ್ಕು ಗೆಣ್ಣು ಮಾತ್ರ ಹೊಸದಾಗಿ ಹುಟ್ಟುತ್ತವೆ, ಉಳಿದ ಕೊಂಬೆಗಳನ್ನು ಹಳೆಯದೂ ಹೊಸದೂ ಹಂಚಿಕೊಳ್ಳುತ್ತವೆ. ಯಾರೂ ಅವುಗಳನ್ನು ಬದಲಿಸಲಾರರು ಎಂಬ ಭರವಸೆ ಇರುವುದರಿಂದಲೇ ಹಂಚಿಕೊಳ್ಳಲು ಸಾಧ್ಯ. ಹಿಕಿ ಮತ್ತು ಸಂಗಡಿಗರು 2012ರಲ್ಲಿ ಹೊರತಂದ ಡೇಟಾಮಿಕ್ ಎಂಬ ಡೇಟಾಬೇಸ್ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅಲ್ಲಿ ಪ್ರತಿ ಸಂಗತಿಯೂ ತಾನು ನಡೆದ ಹೊತ್ತಿನೊಂದಿಗೆ ದಾಖಲಾಗುತ್ತದೆ, ಹಿಂದಿನ ಯಾವುದೇ ದಿನ ಲೆಕ್ಕ ಹೇಗಿತ್ತೆಂದು ಕೇಳಬಹುದು. ನನ್ನ ಮಾಮಾನಿಗೆ ಇದನ್ನು ತೋರಿಸಿದ್ದರೆ ಅವರಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ನಿಮ್ಮ ಕಂಪನಿಯ ಹಿರಿಯರು “ಜಾವಾ ಆಬ್ಜೆಕ್ಟ್ ಓರಿಯೆಂಟೆಡ್, ಇದರಲ್ಲಿ ಫಂಕ್ಷನಲ್ ಬೆರೆಸಬಾರದು” ಎಂದರೆ ಅವರಿಗೆ ಚರಿತ್ರೆಯನ್ನು ವಿನಯದಿಂದ ನೆನಪಿಸಿ. ಜೇಮ್ಸ್ ಗಾಸ್ಲಿಂಗ್, ಬಿಲ್ ಜಾಯ್ ಜೊತೆಗೆ 1996ರಲ್ಲಿ ಜಾವಾ ಭಾಷೆಯ ಅಧಿಕೃತ ವಿವರಣೆಯನ್ನು ಬರೆದ ಮೂರನೆಯವರು ಗೈ ಸ್ಟೀಲ್. ಅದೇ ಗೈ ಸ್ಟೀಲ್ 1975ರಲ್ಲಿ ಜೆರಾಲ್ಡ್ ಸಸ್‌ಮನ್ ಜೊತೆ ಸೇರಿ ಸ್ಕೀಮ್ ಎಂಬ ಲಿಸ್ಪ್ ಕಟ್ಟಿದವರು. ಜಾವಾಕ್ಕೆ ಜೆನೆರಿಕ್ಸ್ ತಂದವರಲ್ಲಿ ಒಬ್ಬರಾದ ಮಾರ್ಟಿನ್ ಓಡರ್‌ಸ್ಕಿ ಸ್ವಿಟ್ಜರ್ಲೆಂಡಿನಲ್ಲಿ ಕೂತು ಅದೇ ಜೆವಿಎಂ ಮೇಲೆ ಸ್ಕಾಲಾ ಕಟ್ಟಿ 2004ರಲ್ಲಿ ಬಿಡುಗಡೆ ಮಾಡಿದರು. ಮೈಕ್ರೋಸಾಫ್ಟಿನ ಡಾಟ್‌ನೆಟ್ ಕಡೆಗೂ ಇದೇ ಕತೆ: ಅದಕ್ಕೆ ಜೆನೆರಿಕ್ಸ್ ತಂದವರಲ್ಲಿ ಒಬ್ಬರಾದ ಡಾನ್ ಸೈಮ್ ಅವರೇ ಅದರ ಮೇಲೆ ಎಫ್ ಶಾರ್ಪ್ ಎಂಬ ಫಂಕ್ಷನಲ್ ಭಾಷೆ ಬೆಳೆಸಿದರು. 2006ರ ಡಿಸೆಂಬರಿನಲ್ಲಿ ಬಂದ ಜಾವಾ 6ರಲ್ಲಿ ಬೇರೆ ಸ್ಕ್ರಿಪ್ಟಿಂಗ್ ಭಾಷೆಗಳನ್ನು ಒಳಗೆ ಕೂರಿಸಲು ಅಧಿಕೃತ ಬಾಗಿಲೇ ತೆರೆಯಿತು. 2014ರ ಮಾರ್ಚಿನಲ್ಲಿ ಜಾವಾ 8 ಬಂದಾಗ ಲ್ಯಾಂಬ್ಡಾಗಳು ಜಾವಾದ ಒಳಗೇ ಬಂದವು. ಜಾವಾದ ಸ್ಟ್ರಿಂಗಂತೂ ಮೊದಲ ದಿನದಿಂದಲೂ ಬದಲಾಗದ ಮೌಲ್ಯ. ಆಬ್ಜೆಕ್ಟಿನ ಮನೆ ಕಟ್ಟಿದವರ ಕೈಯಲ್ಲೇ ಫಂಕ್ಷನಿನ ಬೀಜವೂ ಇತ್ತು ಎಂಬುದು ಈ ಚರಿತ್ರೆಯ ವಿಪರ್ಯಾಸ. ಅದು ನಮಗೆ ಬಲ ಕೊಡುವ ವಿಪರ್ಯಾಸ.

ದೂರದ ಹೆಸರುಗಳು ಸಾಕೆನಿಸಿದರೆ ನಿಮ್ಮ ಕಿಸೆಯ ಮೊಬೈಲನ್ನೇ ನೋಡಿ. ಬೆಂಗಳೂರಿನಲ್ಲಿ ಆಟೊ ಹಿಡಿಯಲು ‘ನಮ್ಮ ಯಾತ್ರಿ’ ಬಳಸುತ್ತೀರಿ. 2022ರ ನವೆಂಬರಿನಲ್ಲಿ ಶುರುವಾದ ಆ ಆ್ಯಪ್ ಕಟ್ಟಿದ್ದು ಬೆಂಗಳೂರಿನ ಜಸ್‌ಪೇ. ಅದರ ಸರ್ವರ್ ಕಡೆಯ ಕೋಡನ್ನು ಹ್ಯಾಸ್ಕೆಲ್‌ನಲ್ಲಿ, ಪರದೆಯ ಕಡೆಯದನ್ನು ಪ್ಯೂರ್‌ಸ್ಕ್ರಿಪ್ಟ್‌ನಲ್ಲಿ ಬರೆದರು, ಎರಡೂ ಅಪ್ಪಟ ಫಂಕ್ಷನಲ್ ಭಾಷೆಗಳು. ಪ್ಯೂರ್‌ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟಾಗಿ ಬದಲಾಗಿ, ಆಬ್ಜೆಕ್ಟುಗಳಿಂದಲೇ ಕಟ್ಟಿದ ಆ್ಯಂಡ್ರಾಯ್ಡಿನ ಮೇಲೆ ಓಡುತ್ತದೆ. ಕೋಡ್ ತೆರೆದಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದ ನಮ್ಮೂರಿನ ತಾಯಿಯೊಬ್ಬರು ಆಟೊಗೆ ಬೆರಳೊತ್ತಿದಾಗ ಈ ಪತ್ರದ ವಿಷಯ ಇಡಿಯಾಗಿ ಅವರ ಅಂಗೈಯಲ್ಲಿರುತ್ತದೆ. ಕೆಲಸಗಾರರೇ ಒಡೆಯರಾಗಿರುವ ಬೆಂಗಳೂರಿನ ನಿಲೆನ್ಸೊ ಎಂಬ ಸಹಕಾರಿ ಸಂಸ್ಥೆ ಕ್ಲೋಜರಿನಲ್ಲಿ ಕೆಲಸ ಮಾಡಿದೆ. ಬ್ರೆಜಿಲಿನ ನೂಬ್ಯಾಂಕ್ ಕ್ಲೋಜರ್ ಮೇಲೆಯೇ ಬ್ಯಾಂಕು ನಡೆಸುತ್ತದೆ, 2020ರಲ್ಲಿ ಆ ಭಾಷೆಯನ್ನು ಪೋಷಿಸುತ್ತಿದ್ದ ಕಾಗ್ನಿಟೆಕ್ಟ್ ಕಂಪನಿಯನ್ನೇ ಕೊಂಡುಕೊಂಡಿತು. ಹಣದ ಲೆಕ್ಕ ಇರುವ ಕಡೆ ಕೀರ್ದಿಯಂಥ ಭಾಷೆಗೆ ಕೆಲಸ ಸಿಕ್ಕಿದ್ದು ನನಗೆ ಸಹಜವಾಗಿ ಕಾಣುತ್ತದೆ.

ಕಷ್ಟಗಳನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. ಕ್ಲೋಜರಿನಲ್ಲಿ ತಪ್ಪಾದಾಗ ಬರುವ ದೋಷದ ಸಂದೇಶ ಉದ್ದಕ್ಕೆ ಹರಿಯುತ್ತದೆ, ಅದರಲ್ಲಿ ಅರ್ಧ ಜೆವಿಎಂನ ಒಳಗಿನ ಹೆಸರುಗಳು. ಓದಲು ರೂಢಿ ಬೇಕು. ಪ್ರೋಗ್ರಾಮ್ ಏಳಲು ಹೊತ್ತು ಹಿಡಿಯುತ್ತದೆ. ದಿನಗಟ್ಟಲೆ ಓಡುವ ಸರ್ವರಿಗೆ ಅದು ಲೆಕ್ಕಕ್ಕಿಲ್ಲ, ಸಣ್ಣ ಸಣ್ಣ ಆಜ್ಞೆಗಳಿಗೆ ಕಿರಿಕಿರಿ. ಫಂಕ್ಷನ್ ತನ್ನನ್ನೇ ಕೊನೆಯಲ್ಲಿ ಕರೆದುಕೊಂಡರೆ ಜೆವಿಎಂ ಅದನ್ನು ತಾನಾಗಿ ಸುತ್ತುವ ಲೂಪಾಗಿ ಮಾಡುವುದಿಲ್ಲ, ಅದಕ್ಕಾಗಿ ಕ್ಲೋಜರಿನಲ್ಲಿ ‘ರಿಕರ್’ ಎಂದು ಬಿಡಿಸಿ ಬರೆಯಬೇಕು. ಜಾವಾದ ಕಡೆಯಿಂದ ಬರುವ ಆಬ್ಜೆಕ್ಟುಗಳು ಇಲ್ಲಿಗೆ ಬಂದರೂ ಪಾಟಿಗಳೇ. ಹಳೆಯ ಡೇಟ್ ಆಬ್ಜೆಕ್ಟೊಂದನ್ನು ನೇರ ಒಳಗೆ ಬಿಟ್ಟುಕೊಂಡು ನಾನು ಎರಡು ದಿನ ಕಳೆದುಕೊಂಡಿದ್ದೇನೆ. ಗಡಿಯಲ್ಲಿ ಅವುಗಳಿಂದ ಬೇಕಾದ ಮೌಲ್ಯವನ್ನು ತೆಗೆದುಕೊಂಡು ಆಬ್ಜೆಕ್ಟನ್ನು ಹೊರಗೇ ಬಿಡಿ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಮನುಷ್ಯರದು. ಪಟ್ಟಿಯ ಲೆಕ್ಕವನ್ನು ಕ್ಲೋಜರಿಗೆ ತಂದ ಮೊದಲ ವರ್ಷ ಅದನ್ನು ಓದಬಲ್ಲವನು ನಾನೊಬ್ಬನೇ. ತಂಗಿಯ ಮದುವೆಗೆ ಸವಣೂರಿಗೆ ಬಂದಿದ್ದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಫೋನು. ಹಮಾಲಿ ದರ ಬದಲಾಗಿದೆ, ಎಲ್ಲಿ ತಿದ್ದಬೇಕೋ ಯಾರಿಗೂ ತಿಳಿಯುತ್ತಿಲ್ಲ. ಚಪ್ಪರದ ಹಿಂದೆ ನಿಂತು ಫೋನಿನಲ್ಲೇ ಒಂದೊಂದು ಆವರಣವನ್ನೂ ಹೇಳಿ ತಿದ್ದಿಸಿದೆ. ಆ ಕಡೆ ಬೆವರುತ್ತ ಕೂತಿದ್ದವನು ಹಾನಗಲ್ಲ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ತಪ್ಪು ನನ್ನದು. ಊರಿಂದ ಬಂದ ಮೇಲೆ ದಿನಾ ಸಂಜೆ ಒಂದು ತಾಸು ಅವನ ಜೊತೆ ಕೂತೆ. ಓಡುತ್ತಿರುವ ಪ್ರೋಗ್ರಾಮಿನ ಎದುರು ಕೂತು ಒಂದು ಸಾಲು ಬರೆದು ಆಗಲೇ ಉತ್ತರ ಕಾಣುವ ಸೌಲಭ್ಯ ಈ ಭಾಷೆಯಲ್ಲಿದೆ. ಅದರಲ್ಲಿ ಅವನು ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಕೋಡಿನಲ್ಲೇ ತಪ್ಪು ಹಿಡಿದ. ಈಗ ಆ ಭಾಗಕ್ಕೆ ಅವನೇ ಹಿರಿಯ. ಆದ್ದರಿಂದ ಕೇಳಿಕೊಳ್ಳುತ್ತೇನೆ: ನಿಮ್ಮ ತಂಡದಲ್ಲಿ ಇನ್ನೊಬ್ಬರಾದರೂ ಓದಲು ಕಲಿಯುವ ತನಕ ಒಂದು ಸಾಲನ್ನೂ ಗಿರಾಕಿಗಳಿಗೆ ತಲುಪುವ ಕೋಡಿಗೆ ಸೇರಿಸಬೇಡಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಪರೀಕ್ಷೆಗಳಿಂದ. ಟೆಸ್ಟ್ ಕೋಡ್ ಗಿರಾಕಿಗಳ ಕಡೆಗೆ ಹೋಗುವುದಿಲ್ಲ, ಮುರಿದರೆ ನಿಮ್ಮ ಮೇಜಿನ ಮೇಲೇ ಮುರಿಯುತ್ತದೆ. ಹಳೆಯ ಜಾವಾ ಕ್ಲಾಸುಗಳನ್ನು ಕ್ಲೋಜರಿನಿಂದ ಕರೆದು ಪ್ರಶ್ನೆ ಕೇಳಿ, ಅವು ಎಲ್ಲಿ ಒರೆಸಿ ಬರೆಯುತ್ತವೆ ಎಂದು ನಿಮಗೇ ಕಾಣುತ್ತದೆ. ಆಮೇಲೆ ದಿನದ ಕೊನೆಯ ವರದಿಗಳು. ಅದಾದ ಮೇಲೆ ಆಗಾಗ ಬದಲಾಗುವ ದರ, ಬಡ್ಡಿ, ರಿಯಾಯಿತಿಯಂಥ ನಿಯಮಗಳು. ಅಲ್ಲಿಯೇ ನಿಲ್ಲಿಸಿದರೂ ನಡೆದೀತು, ಪರದೆಯನ್ನೂ ಮುದ್ರಣವನ್ನೂ ಜಾವಾಕ್ಕೇ ಬಿಡಿ. ಕಂಪನಿ ಕ್ಲೋಜರ್ ಬೇಡವೆಂದರೆ ಜಾವಾದಲ್ಲೇ ಫೈನಲ್ ಎಂದು ಬರೆದು, ಸೆಟ್ಟರ್‌ಗಳನ್ನು ಕಿತ್ತು, ಕೀರ್ದಿಯ ರೂಢಿ ಬೆಳೆಸಿಕೊಳ್ಳಿ. ಅದಕ್ಕೆ ಯಾರ ಅನುಮತಿಯೂ ಬೇಡ.

ಶಿಗ್ಗಾವಿಯ ತಂಗಿ, ಈ ಪತ್ರ ನಿನ್ನ ಕಣ್ಣಿಗೆ ಬಿದ್ದರೆ ನೌಕರಿ ಬಿಡುವ ಮುನ್ನ ಒಂದು ಕೆಲಸ ಮಾಡವ್ವಾ. ಉಳಿದವರೂ ಮಾಡಿ. ಸೋಮವಾರ ಕಚೇರಿಗೆ ಹೋದ ಕೂಡಲೇ ನಿಮ್ಮ ತಂತ್ರಾಂಶದಲ್ಲಿ ಒಬ್ಬ ಮನುಷ್ಯನ ದುಡ್ಡಿನ ಲೆಕ್ಕ ಇರುವ ಒಂದು ಪಟ್ಟಿಯನ್ನು ತೆಗೆಯಿರಿ. ಅದನ್ನು ಎರಡು ಸಲ ಮುದ್ರಿಸಿ, ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇಂತಿ,
ನಿಮ್ಮ ಸವಣೂರಿನ ಅಣ್ಣ